ಹಳೆಯ ಗಾಲ್ಫ್ ಕೋರ್ಸ್‌ನ ಗ್ರೀನ್ ಮತ್ತು ಬಂಕರ್‌ಗಳ ಜೀರ್ಣೋದ್ಧಾರ: ಓದುಗರ ಪ್ರಶ್ನೆಗಳಿಗೆ ಉತ್ತರ

1910ರಿಂದ 1930ರ ದಶಕದವರೆಗಿನ ಅವಧಿಯಲ್ಲಿ ರೂಪುಗೊಂಡ ಗಾಲ್ಫ್ ಕೋರ್ಸ್‌ಗಳನ್ನು ಮೂಲ ರೂಪಕ್ಕೆ ತರುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಕೇಳಿದವರಲ್ಲಿ ಕ್ಲಬ್ ಸಮಿತಿಯವರೂ ಇದ್ದಾರೆ, ಮೈದಾನ ನೋಡಿಕೊಳ್ಳುವವರೂ ಇದ್ದಾರೆ, ಆಟಗಾರರೂ ಇದ್ದಾರೆ. ಗ್ರೀನ್ ಎಂದರೆ ಚೆಂಡನ್ನು ಬೀಳಿಸಬೇಕಾದ ಕುಳಿಯಿರುವ, ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ; ಬಂಕರ್ ಎಂದರೆ ಮರಳು ತುಂಬಿದ ತಗ್ಗು.

ಪ್ರಶ್ನೆ: ನಮ್ಮ ಕ್ಲಬ್ಬಿನ ಕೋರ್ಸ್ 1920ರ ದಶಕದ್ದು. ಇಂದು ಗ್ರೀನ್‌ಗಳೆಲ್ಲ ಹೆಚ್ಚುಕಡಿಮೆ ದುಂಡಗೆ, ಚಿಕ್ಕದಾಗಿವೆ. ಹಿಂದೆ ಅವು ಬಹಳ ದೊಡ್ಡದಾಗಿದ್ದವು ಎಂದು ಹಿರಿಯ ಸದಸ್ಯರು ಹೇಳುತ್ತಾರೆ. ಇದು ನಿಜವೇ? ನಿಜವಾದರೆ ಹಳೆಯ ಅಂಚನ್ನು ಪತ್ತೆ ಹಚ್ಚುವುದು ಹೇಗೆ?

ಉತ್ತರ: ಹಿರಿಯರ ಮಾತು ಬಹುಮಟ್ಟಿಗೆ ನಿಜವೇ ಇರಬೇಕು. ಗ್ರೀನನ್ನು ಚಿಕ್ಕದು ಮಾಡಬೇಕೆಂದು ಯಾವ ಸಮಿತಿಯೂ ತೀರ್ಮಾನಿಸುವುದು ಅಪರೂಪ; ಅದು ತಾನಾಗಿ ಕುಗ್ಗುತ್ತದೆ. ಬೆಳಗಿನ ಹೊತ್ತು ಹುಲ್ಲು ಕತ್ತರಿಸುವವರು, ಅಂಚಿನ ಎತ್ತರದ ಹುಲ್ಲು ಎಲ್ಲಿ ಬೋಳಾಗಿಬಿಡುತ್ತದೋ ಎಂಬ ಎಚ್ಚರದಿಂದ ಯಂತ್ರವನ್ನು ಒಂದೆರಡು ಬೆರಳಿನಷ್ಟು ಒಳಗೇ ತಿರುಗಿಸುತ್ತಾರೆ. ಬಿಟ್ಟುಹೋದ ಆ ಪಟ್ಟಿ ಮುಂದಿನ ವರ್ಷ ಸುತ್ತಲಿನ ಹುಲ್ಲಿನ ಪಾಲಾಗುತ್ತದೆ. 1960ರ ದಶಕದ ಕೊನೆಯಿಂದ ಗ್ರೀನ್‌ಗಳ ಮೇಲೆ ಮೂರು ರೀಲುಗಳ ಸವಾರಿ ಯಂತ್ರಗಳು ಓಡಾಡತೊಡಗಿದ ಮೇಲಂತೂ ಮೂಲೆಗಳಲ್ಲಿ ಬಿಗಿಯಾಗಿ ತಿರುಗಲಾಗದೆ ಚೌಕಾಕಾರದ ಗ್ರೀನ್‌ಗಳೂ ಮೊಟ್ಟೆಯಾಕಾರಕ್ಕೆ ಬಂದವು. ಹಲವು ದಶಕ ಹೀಗೆ ಕಳೆದಾಗ ಗ್ರೀನ್‌ನ ವಿಸ್ತೀರ್ಣದಲ್ಲಿ ಗಣನೀಯ ಪಾಲೇ ಕಾಣೆಯಾಗಿರುತ್ತದೆ.

ವಿಸ್ತೀರ್ಣಕ್ಕಿಂತ ದೊಡ್ಡ ನಷ್ಟವೆಂದರೆ ಕಳೆದುಹೋದ ಜಾಗ ಯಾವುದು ಎಂಬುದು. ಹಳೆಯ ವಿನ್ಯಾಸಕರು ಕುಳಿ ತೋಡಲು ಅತ್ಯಂತ ಆಸಕ್ತಿಕರವಾದ ಸ್ಥಳಗಳನ್ನು ಮೂಲೆಗಳಲ್ಲಿ, ಬಂಕರ್‌ನ ತುಟಿಗೆ ತಾಗಿದಂತೆ ಇಟ್ಟಿರುತ್ತಿದ್ದರು. ಅಂಚು ಒಳಸರಿದಾಗ ಆ ಸ್ಥಳಗಳೇ ಮೊದಲು ಹೋಗುತ್ತವೆ. ಜೊತೆಗೆ ಬಂಕರ್‌ಗೂ ಗ್ರೀನ್‌ಗೂ ನಡುವೆ ದಪ್ಪ ಹುಲ್ಲಿನ ಪಟ್ಟಿ ಬೆಳೆದು, ಮೊದಲು ಇಳಿಜಾರಿನಲ್ಲಿ ಉರುಳಿ ಮರಳಿಗೆ ಬೀಳುತ್ತಿದ್ದ ಚೆಂಡು ಈಗ ಆ ಹುಲ್ಲಿನಲ್ಲೇ ನಿಂತುಬಿಡುತ್ತದೆ. ಬಂಕರ್ ಅಲ್ಲೇ ಇದ್ದರೂ ಅದರ ಕೆಲಸ ಹೋಗಿರುತ್ತದೆ. ಆದ್ದರಿಂದ ಗ್ರೀನ್ ಮತ್ತು ಬಂಕರ್‌ಗಳನ್ನು ಎರಡು ಬೇರೆ ಯೋಜನೆಗಳಾಗಿ, ಬೇರೆ ಬೇರೆ ವರ್ಷಗಳಲ್ಲಿ ಕೈಗೆತ್ತಿಕೊಳ್ಳುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಪತ್ತೆ ಹಚ್ಚುವ ಕೆಲಸ ಕಾಗದದಿಂದ ಆರಂಭವಾಗಬೇಕು. ವಿನ್ಯಾಸಕರ ನಕ್ಷೆ, ನಿರ್ಮಾಣ ಕಾಲದ ಪತ್ರಗಳು, ಹಳೆಯ ಪಂದ್ಯಗಳ ಛಾಯಾಚಿತ್ರಗಳು, ಎಲ್ಲಕ್ಕಿಂತ ಮಿಗಿಲಾಗಿ ವೈಮಾನಿಕ ಚಿತ್ರಗಳು ಬೇಕು. ಅಮೆರಿಕದಲ್ಲಿ ಕೃಷಿ ಇಲಾಖೆಯು 1930ರ ದಶಕದಿಂದ ತೆಗೆಸಿದ ವೈಮಾನಿಕ ಚಿತ್ರಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಫಿಲಡೆಲ್ಫಿಯ ಸುತ್ತಮುತ್ತಲಿನ ಕೋರ್ಸ್‌ಗಳಿಗೆ ಹ್ಯಾಗ್ಲಿ ಸಂಗ್ರಹದಲ್ಲಿರುವ ಡಾಲಿನ್ ಚಿತ್ರಗಳು ದೊಡ್ಡ ಆಸರೆ. ಬ್ರಿಟನ್ನಿನಲ್ಲಿ 1919ರಿಂದ ಏರೋಫಿಲ್ಮ್ಸ್ ಸಂಸ್ಥೆ ತೆಗೆದ ಚಿತ್ರಗಳಿವೆ. ವಿನ್ಯಾಸಕ ಡೊನಾಲ್ಡ್ ರಾಸ್ ಅವರ ಕೋರ್ಸ್ ಆಗಿದ್ದರೆ ಪೈನ್‌ಹರ್ಸ್ಟ್‌ನ ಟಫ್ಟ್ಸ್ ಸಂಗ್ರಹಾಲಯದಲ್ಲಿ ನಕ್ಷೆ ಸಿಗುವ ಸಂಭವವಿದೆ. ಇಂದಿಗೂ ಸ್ಥಳ ಬದಲಿಸದ ಕಟ್ಟಡದ ಮೂಲೆ, ರಸ್ತೆಯ ಕೂಡುಸ್ಥಳಗಳನ್ನು ಗುರುತಾಗಿಟ್ಟುಕೊಂಡು ಹಳೆಯ ಚಿತ್ರವನ್ನು ಇಂದಿನ ಅಳತೆಯ ನಕ್ಷೆಯ ಮೇಲೆ ಕೂರಿಸಿದರೆ ಅಂಚು ಎಷ್ಟು ಸರಿದಿದೆ ಎಂಬುದು ಸ್ಪಷ್ಟವಾಗುತ್ತದೆ.

ಬಳಿಕ ನೆಲವನ್ನು ಕೇಳಬೇಕು. ಗ್ರೀನ್‌ಗಾಗಿ ಮಣ್ಣು ತುಂಬಿ ಎತ್ತರಿಸಿದ ದಿಬ್ಬವು ಇಂದಿನ ಅಂಚಿನಿಂದ ಆಚೆಗೂ ಸಮತಟ್ಟಾಗಿ ಮುಂದುವರಿದು ಒಮ್ಮೆಲೇ ಕೆಳಗಿಳಿಯುತ್ತಿದ್ದರೆ, ಆ ತಿರುವಿನ ತನಕ ಗ್ರೀನ್ ಇತ್ತೆಂಬುದಕ್ಕೆ ಅದು ಬಲವಾದ ಸೂಚನೆ. ಮಣ್ಣಿನ ಮಾದರಿ ತೆಗೆಯುವ ಕೊಳವೆಯನ್ನು ಅಂಚಿನ ಒಳಗಿನಿಂದ ಹೊರಕ್ಕೆ, ಹೆಜ್ಜೆಗೊಂದರಂತೆ ಇಳಿಸುತ್ತ ಹೋಗಿ. ಹಳೆಯ ಗ್ರೀನ್ ಇದ್ದಲ್ಲಿ ವರ್ಷವರ್ಷ ಹರಡಿದ ಮರಳು, ಗೊಬ್ಬರಗಳ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಇಲ್ಲದಿದ್ದಲ್ಲಿ ಊರಿನ ಮೂಲ ಮಣ್ಣು ಮಾತ್ರ ಬರುತ್ತದೆ. ಪದರಗಳು ಕೊನೆಗೊಳ್ಳುವ ಕಡೆ ಬಾವುಟ ನೆಡುತ್ತ ಬಂದರೆ ಗ್ರೀನ್‌ನ ಹಳೆಯ ಆಕಾರ ನೆಲದ ಮೇಲೆಯೇ ಮೂಡುತ್ತದೆ. ಚಿತ್ರ, ದಿಬ್ಬ, ಪದರ ಈ ಮೂರೂ ಒಂದೇ ಮಾತು ಹೇಳಿದಲ್ಲಿ ಕೆಲಸ ಆರಂಭಿಸಬಹುದು.

ವಿಸ್ತರಣೆಗೆ ಯಂತ್ರದ ಅಲಗನ್ನು ಇಳಿಸಿದರೆ ಸಾಕು ಎಂದು ತಿಳಿಯಬೇಡಿ. ಹೊರಗಿನ ಹುಲ್ಲು ಬೇರೆ ಜಾತಿಯದಾಗಿದ್ದರೆ ಗ್ರೀನ್‌ನ ಎತ್ತರಕ್ಕೆ ಕತ್ತರಿಸಿದಾಗ ಅದು ಉಳಿಯುವುದಿಲ್ಲ. ಅದನ್ನು ಕಿತ್ತು, ಮರಳು ಸೇರಿ ಎತ್ತರವಾದ ಅಂಚಿನ ಏರಿಯನ್ನು ಕೆತ್ತಿ ನೀರು ಹೊರಹರಿಯುವಂತೆ ಮಾಡಿ, ಗ್ರೀನ್‌ನದೇ ಹುಲ್ಲಿನ ಹಾಸನ್ನು ಹೊದಿಸಬೇಕು. ನೀರು ಚಿಮ್ಮಿಸುವ ನಳಿಗೆಗಳನ್ನೂ ಹೊರಕ್ಕೆ ಸರಿಸಬೇಕಾಗುತ್ತದೆ. ಹೊಸ ಅಂಚಿನ ಗುಂಟ ನೆಲದೊಳಗೆ ಲೋಹದ ತಂತಿಯೊಂದನ್ನು ಹೂಳಿಡಿ. ಮುಂದೆ ಅಂಚು ಸರಿದಂತೆ ಅನುಮಾನ ಬಂದಾಗ ಲೋಹಶೋಧಕದಿಂದ ಅದನ್ನು ಹುಡುಕಿ ಸರಿಪಡಿಸಬಹುದು.

ಪ್ರಶ್ನೆ: ನಮ್ಮ ಕೆಲವು ಗ್ರೀನ್‌ಗಳ ಇಳಿಜಾರು ಎಷ್ಟು ಕಡಿದಾಗಿದೆಯೆಂದರೆ ಮೇಲಿನಿಂದ ಪಟ್ ಮಾಡಿದ ಚೆಂಡು ಕುಳಿಯನ್ನು ದಾಟಿ ಗ್ರೀನ್‌ನಿಂದಲೇ ಹೊರಹೋಗುತ್ತದೆ. ಅವುಗಳನ್ನು ತಗ್ಗಿಸಿ ಮಟ್ಟ ಮಾಡಬೇಕೆಂದು ಸಮಿತಿಯ ಅರ್ಧದಷ್ಟು ಜನ ಹೇಳುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ಇಳಿಜಾರು ಬದಲಾಗಿಲ್ಲ, ಬದಲಾದದ್ದು ಗ್ರೀನ್‌ನ ವೇಗ. ಇದನ್ನು ಸಮಿತಿಯ ಮುಂದೆ ಮೊದಲು ಇಡಿ.

1935ರಲ್ಲಿ ಓಕ್‌ಮಾಂಟ್‌ನಲ್ಲಿ ನಡೆದ ಯುಎಸ್ ಓಪನ್ ನೋಡಲು ಹೋಗಿದ್ದ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಹವ್ಯಾಸಿ ಆಟಗಾರರು, ಅಲ್ಲಿನ ಗ್ರೀನ್‌ಗಳ ವೇಗವನ್ನು ಕಂಡು ಚೆಂಡನ್ನು ಉರುಳಿಬಿಟ್ಟು ಅದು ಎಷ್ಟು ಅಡಿ ಸಾಗುತ್ತದೆಂದು ನೋಡಿ ವೇಗವನ್ನು ಅಳೆಯುವ ಸರಳ ಉಪಕರಣವೊಂದನ್ನು ರೂಪಿಸಿದರು. ಅಮೆರಿಕದ ಗಾಲ್ಫ್ ಸಂಘವಾದ ಯುಎಸ್‌ಜಿಎ ಅದನ್ನು 1970ರ ದಶಕದಲ್ಲಿ ಪರಿಷ್ಕರಿಸಿ, 1978ರಲ್ಲಿ ಕೋರ್ಸ್‌ಗಳ ಸೂಪರಿಂಟೆಂಡೆಂಟರಿಗೆ ಒದಗಿಸಿತು. ಅದೇ ಇಂದಿನ ಸ್ಟಿಂಪ್‌ಮೀಟರ್. ಆ ದಶಕದಲ್ಲಿ ಅಮೆರಿಕದ ಗ್ರೀನ್‌ಗಳನ್ನು ಅಳೆದಾಗ ಚೆಂಡು ಸರಾಸರಿ ಆರೂವರೆ ಅಡಿಯಷ್ಟು ಉರುಳುತ್ತಿತ್ತು; ಇಂದು ಸಾಮಾನ್ಯ ಕ್ಲಬ್ಬಿನವರೂ ಹತ್ತು, ಹನ್ನೊಂದು ಅಡಿ ಬೇಕೆನ್ನುತ್ತಾರೆ. 1920ರ ದಶಕದಲ್ಲಿ ಇಂದಿಗಿಂತ ಬಹಳ ಎತ್ತರಕ್ಕೆ ಕತ್ತರಿಸುತ್ತಿದ್ದ ಹುಲ್ಲನ್ನು ಈಗ ಮೂರು ಮಿಲಿಮೀಟರ್ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಕತ್ತರಿಸುತ್ತೇವೆ. ನಿಧಾನವಾದ ಗ್ರೀನ್‌ನಲ್ಲಿ ಶೇಕಡಾ ಐದರ ಇಳಿಜಾರಿನಲ್ಲೂ ಕುಳಿ ತೋಡಬಹುದಿತ್ತು. ಹನ್ನೊಂದು ಅಡಿಯ ವೇಗದಲ್ಲಿ ಶೇಕಡಾ ಮೂರು ದಾಟಿತೆಂದರೆ ಕುಳಿಯ ಬಳಿ ಚೆಂಡನ್ನು ನಿಲ್ಲಿಸುವುದು ಕಷ್ಟವಾಗತೊಡಗುತ್ತದೆ. ಹೀಗೆ, ವೇಗ ಹೆಚ್ಚಿಸಿದ ಪ್ರತಿ ಅಡಿಗೂ ಗ್ರೀನ್‌ನಲ್ಲಿ ಕುಳಿಗೆ ಯೋಗ್ಯವಾದ ಜಾಗವನ್ನು ಬೆಲೆಯಾಗಿ ತೆತ್ತಿರುತ್ತೇವೆ.

ನನ್ನ ಅಭಿಪ್ರಾಯದಲ್ಲಿ ವೇಗವು ಇಳಿಜಾರಿಗೆ ತಲೆಬಾಗಬೇಕು. ವೇಗವನ್ನು ಈ ವಾರ ಇಳಿಸಿ ಮುಂದಿನ ವಾರ ಏರಿಸಬಹುದು. ನೂರು ವರ್ಷದ ಹಿಂದೆ ಕುದುರೆ, ಕೈಗುದ್ದಲಿಗಳ ನೆರವಿನಿಂದ ತಿದ್ದಿದ ಒಂದು ಉಬ್ಬನ್ನು ಕೆತ್ತಿ ಹಾಕಿದ ಮೇಲೆ ಮತ್ತೆ ತರಲಾಗದು. ಆದ್ದರಿಂದ ಮೊದಲು ಪ್ರತಿ ಗ್ರೀನನ್ನೂ ಲೇಸರ್ ಸ್ಕ್ಯಾನರ್‌ನಿಂದ ಅಳೆಯಿಸಿ, ಇಳಿಜಾರಿನ ಶೇಕಡಾವಾರು ನಕ್ಷೆಯನ್ನು ಬಣ್ಣಗಳಲ್ಲಿ ಬಿಡಿಸಿ ನೋಡಿ. ಹಳೆಯ ಅಂಚಿನವರೆಗೆ ವಿಸ್ತರಿಸಿದರೆ ಸಿಗುವ ಹೊಸ ಕುಳಿ ಸ್ಥಳಗಳನ್ನೂ ಅದರಲ್ಲಿ ಗುರುತಿಸಿ. ಇಕ್ಕಟ್ಟಾಗಿ ಕಂಡ ಗ್ರೀನ್‌ಗಳಲ್ಲಿ ಅನೇಕವು ಹಿಗ್ಗಿಸಿದೊಡನೆ ಸರಿಹೋಗುತ್ತವೆ. ಎಷ್ಟು ಹಿಗ್ಗಿಸಿದರೂ, ವೇಗವನ್ನು ಒಂಬತ್ತಕ್ಕೆ ಇಳಿಸಿದರೂ ಕುಳಿ ತೋಡಲು ನಾಲ್ಕಾರು ಜಾಗ ಸಿಗದ ಗ್ರೀನ್ ಒಂದೋ ಎರಡೋ ಉಳಿದರೆ, ಅಲ್ಲಿ ಮಾತ್ರ ಒಂದು ಭಾಗವನ್ನು ಸ್ವಲ್ಪ ತಗ್ಗಿಸುವುದನ್ನು ಆಲೋಚಿಸಬಹುದು. ಆಗಲೂ ಉಬ್ಬುತಗ್ಗುಗಳು ಒಂದರೊಳಗೊಂದು ಸೇರುವ ಕ್ರಮ ಕೆಡಬಾರದು.

ಪ್ರಶ್ನೆ: ವಿನ್ಯಾಸಕರು ತಾವೇ ಹಲವು ಬಾರಿ ಬದಲಾಯಿಸಿದ ಕೋರ್ಸ್ ಆಗಿದ್ದರೆ ಯಾವ ವರ್ಷದ ರೂಪವನ್ನು ಮೂಲವೆಂದು ಹಿಡಿಯಬೇಕು?

ಉತ್ತರ: ಉದ್ಘಾಟನೆಯ ದಿನವನ್ನೇ ಪವಿತ್ರವೆಂದು ಭಾವಿಸಬೇಕಾಗಿಲ್ಲ. ಪೈನ್‌ಹರ್ಸ್ಟ್‌ನ ಎರಡನೆಯ ಸಂಖ್ಯೆಯ ಕೋರ್ಸ್ ಇದಕ್ಕೆ ಉತ್ತಮ ಉದಾಹರಣೆ. ಅದು 1907ರಲ್ಲಿ ಆರಂಭವಾದಾಗ ಅಲ್ಲಿನ ಗ್ರೀನ್‌ಗಳು ಮರಳಿನವು. ಹುಲ್ಲಿನ ಗ್ರೀನ್‌ಗಳು ಬಂದದ್ದು 1936ರ ಪಿಜಿಎ (ವೃತ್ತಿಪರ ಗಾಲ್ಫ್ ಆಟಗಾರರ ಸಂಘ) ಚಾಂಪಿಯನ್‌ಷಿಪ್‌ಗೆ ಸ್ವಲ್ಪ ಮುಂಚೆ. ಆ ಕೋರ್ಸ್‌ನ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದ ರಾಸ್ ಅವರು 1948ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಅಲ್ಲಿ 1907ಕ್ಕೆ ಹಿಂದಿರುಗುವುದೆಂದರೆ ವಿನ್ಯಾಸಕರ ನಾಲ್ಕು ದಶಕಗಳ ಚಿಂತನೆಯನ್ನು ಅಳಿಸಿದಂತೆ. ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಷಾ 2010-11ರಲ್ಲಿ ಕೆಲಸಕ್ಕೆ ಇಳಿದಾಗ 1943ರ ವೈಮಾನಿಕ ಚಿತ್ರಗಳನ್ನು ಆಧಾರವಾಗಿ ಹಿಡಿದರು. ಟೀಯಿಂದ ಗ್ರೀನ್‌ವರೆಗೆ ಹುಲ್ಲು ಕತ್ತರಿಸಿದ ದಾರಿಯಾದ ಫೇರ್‌ವೇಯ ನಟ್ಟನಡುವೆ ಹೂತಿದ್ದ ಹಳೆಯ ನೀರಿನ ಕೊಳವೆಯ ಸಾಲು ಮೂಲ ಫೇರ್‌ವೇ ಎಲ್ಲಿ ಸಾಗುತ್ತಿತ್ತೆಂಬುದನ್ನು ತೋರಿಸಿಕೊಟ್ಟಿತು. ಎಕರೆಗಟ್ಟಲೆ ಹುಲ್ಲುಹಾಸನ್ನು ತೆಗೆದು ಮರಳು ನೆಲ, ತಂತಿಹುಲ್ಲುಗಳನ್ನು ಮರಳಿ ತಂದರು. 2014ರಲ್ಲಿ ಪುರುಷರ ಮತ್ತು ಮಹಿಳೆಯರ ಯುಎಸ್ ಓಪನ್‌ಗಳು ಒಂದರ ಹಿಂದೊಂದು ವಾರ ಅಲ್ಲಿ ನಡೆದವು.

ಅಲ್ಲಿನ ಗ್ರೀನ್‌ಗಳು ಕವುಚಿಟ್ಟ ತಟ್ಟೆಯಂತೆ ನಡುವೆ ಉಬ್ಬಿ ಅಂಚಿಗೆ ಇಳಿಯುವುದರಲ್ಲಿ ದಶಕಗಳ ಕಾಲ ಹರಡಿದ ಮೇಲ್ಮರಳಿನ ಪಾಲೂ ಇದೆ ಎಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಆದರೂ ಅವುಗಳ ಆ ರೂಪವನ್ನು ಉಳಿಸಿಕೊಳ್ಳಲಾಯಿತು. ಕಾಲ ಮಾಡಿದ ಬದಲಾವಣೆಯೊಂದು ಆಟದ ಜೀವಾಳವೇ ಆಗಿಬಿಟ್ಟಿರುವಾಗ ಅದನ್ನು ಕಿತ್ತೆಸೆಯುವುದು ವಿವೇಕವಲ್ಲ. ನಿಮ್ಮ ಕೋರ್ಸ್‌ನ ಮಟ್ಟಿಗೆ, ವಿನ್ಯಾಸಕರು ಕೊನೆಯ ಬಾರಿ ಕೈಹಚ್ಚಿದ ಅನಂತರದ, ಬೇರೆಯವರ ತಿದ್ದುಪಡಿಗಳು ಆರಂಭವಾಗುವ ಮೊದಲಿನ, ಸ್ಪಷ್ಟ ಚಿತ್ರ ಸಿಗುವ ವರ್ಷವನ್ನು ಆರಿಸಿಕೊಳ್ಳಿ. ಆಮೇಲೆ ಪ್ರತಿ ಹೋಲ್‌ಗೆ ಬೇರೆ ಬೇರೆ ವರ್ಷ ಹಿಡಿಯುವ ಆಸೆಗೆ ಬೀಳಬೇಡಿ.

ಪ್ರಶ್ನೆ: 1930ರ ದಶಕದ ಚಿತ್ರದಲ್ಲಿ ಇಂದಿರುವುದರ ಎರಡರಷ್ಟು ಬಂಕರ್‌ಗಳಿವೆ. ಎಲ್ಲವನ್ನೂ ತರಬೇಕೇ? ಇರುವ ಬಂಕರ್‌ಗಳಲ್ಲಂತೂ ಮಳೆ ಬಂದಾಗಲೆಲ್ಲ ನೀರು ನಿಂತು ಮರಳು ಕೊಚ್ಚಿಹೋಗುತ್ತದೆ.

ಉತ್ತರ: ಇಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದಕ್ಕೆ ಉತ್ತರಿಸುವ ಮುನ್ನ ಆ ಬಂಕರ್‌ಗಳು ಏಕೆ ಹೋದವೆಂದು ವಿಚಾರಿಸಬೇಕು. ಆರ್ಥಿಕ ಮಹಾಕುಸಿತ ಮತ್ತು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕೆಲಸಗಾರರಿಲ್ಲದೆ, ಹಣವಿಲ್ಲದೆ ಅನೇಕ ಕ್ಲಬ್‌ಗಳು ಬಂಕರ್‌ಗಳನ್ನು ಮುಚ್ಚಿದವು. ಅಂಥವನ್ನು ಮರಳಿ ತರಲು ನ್ಯಾಯವಾದ ಕಾರಣವಿದೆ. ಆದರೆ ವಿಂಗ್ಡ್ ಫುಟ್, ಬಾಲ್ಟಸ್ರಾಲ್‌ಗಳನ್ನು ರೂಪಿಸಿದ ಎ. ಡಬ್ಲ್ಯು. ಟಿಲಿಂಗ್‌ಹ್ಯಾಸ್ಟ್ ಅವರೇ 1930ರ ದಶಕದ ಮಧ್ಯದಲ್ಲಿ ಪಿಜಿಎ ಪರವಾಗಿ ಅಮೆರಿಕವನ್ನು ಸುತ್ತಿ, ದುರ್ಬಲ ಆಟಗಾರರನ್ನು ಮಾತ್ರ ಕಾಡುವ ಸಾವಿರಾರು ಬಂಕರ್‌ಗಳನ್ನು ಮುಚ್ಚಲು ಸಲಹೆ ಮಾಡಿದ್ದರು ಎಂಬುದನ್ನೂ ಮರೆಯಬಾರದು. ಚಿತ್ರದಲ್ಲಿ ಕಾಣುವ ಪ್ರತಿಯೊಂದು ಬಿಳಿ ಚುಕ್ಕೆಯೂ ಉಳಿಯಬೇಕಾದದ್ದೆಂದು ಆ ಕಾಲದವರೇ ಭಾವಿಸಿರಲಿಲ್ಲ.

ಗ್ರೀನ್ ಪಕ್ಕದ ಬಂಕರ್‌ಗಳ ವಿಷಯದಲ್ಲಿ ನಾನು ಸಾಮಾನ್ಯವಾಗಿ ಹಿಂದೆಮುಂದೆ ನೋಡದೆ ಮರಳಿ ತರಬೇಕೆನ್ನುತ್ತೇನೆ, ಏಕೆಂದರೆ ಗ್ರೀನ್‌ನ ಇಳಿಜಾರುಗಳನ್ನು ಅವುಗಳಿಗೆ ತಕ್ಕಂತೆ ತಿದ್ದಲಾಗಿತ್ತು. ಫೇರ್‌ವೇ ಬಂಕರ್‌ಗಳದು ಕಠಿಣ ಪ್ರಶ್ನೆ. ಪಿಜಿಎ ಟೂರ್ ಆಟಗಾರರ ಡ್ರೈವ್‌ನ, ಅಂದರೆ ಮೊದಲ ದೂರದ ಹೊಡೆತದ, ಸರಾಸರಿ 1980ರಲ್ಲಿ ಸುಮಾರು 257 ಗಜವಿದ್ದದ್ದು ಈಗ 300 ಗಜದ ಸಮೀಪಕ್ಕೆ ಬಂದಿದೆ. ಹಳೆಯ ಬಂಕರ್‌ಗಳ ಮೇಲೆ ಅವರ ಚೆಂಡು ಹಾರಿಹೋಗುತ್ತದೆ. ಜಾಗವಿದ್ದರೆ, ಆ ಮೊದಲ ಹೊಡೆತ ಹೊಡೆಯುವ ಜಾಗವಾದ ಟೀಯನ್ನು ಹಿಂದಕ್ಕೆ ಸರಿಸುವುದು ಮೇಲು. ಬಂಕರನ್ನೇ ಮುಂದಕ್ಕೆ ಒಯ್ದರೆ ಅದು ನೆಲದ ಏರಿಳಿತದಿಂದ ಕಳಚಿಕೊಳ್ಳುತ್ತದೆ, ಏಕೆಂದರೆ ಹಳೆಯವರು ಬಂಕರ್ ತೋಡಲು ಸಹಜವಾಗಿ ಏರಿದ ದಿಣ್ಣೆಯನ್ನೇ ಹುಡುಕುತ್ತಿದ್ದರು. ಕ್ಲಬ್ಬಿನ ಬಹುಪಾಲು ಸದಸ್ಯರಿಗೆ ಹಳೆಯ ಸ್ಥಳವೇ ಇಂದಿಗೂ ಸವಾಲೊಡ್ಡುತ್ತದೆ ಎಂಬುದೂ ನಿಜ.

ಆಕಾರವನ್ನು ತಿಳಿಯಲು ಚಿತ್ರದ ನೆರಳುಗಳನ್ನು ಗಮನಿಸಿ. ಅವು ಆಳವನ್ನು ಸೂಚಿಸುತ್ತವೆ. ಬಳಿಕ ಅಡ್ಡಲಾಗಿ ಒಂದು ಕಾಲುವೆ ತೋಡಿ ನೋಡಿದರೆ ಮುಚ್ಚಿದ ಬಂಕರ್‌ನ ಹಳೆಯ ಮರಳಿನ ಪದರ, ಅದರ ತಳ, ಗೋಡೆಯ ಓರೆ ಎಲ್ಲವೂ ಸಿಗುವುದುಂಟು. ಅಂಚಿನ ಸ್ವಭಾವದ ಕಡೆಗೂ ನಿಗಾ ಇರಲಿ. ಸೈನ್ಯದ ಮರೆಮಾಚುವ ವಿದ್ಯೆಯನ್ನು ಅಭ್ಯಾಸ ಮಾಡಿದ್ದ ವೈದ್ಯ ಅಲಿಸ್ಟರ್ ಮೆಕೆಂಜಿ ಅವರು ಬಂಕರ್‌ಗಳ ಅಂಚನ್ನು ಒಡೆದೊಡೆದು, ಮರಳನ್ನು ಗೋಡೆಯ ಮೇಲಕ್ಕೆ ಹತ್ತಿಸಿ ಸಹಜ ಕೊರಕಲಿನಂತೆ ಕಾಣಿಸುತ್ತಿದ್ದರು. ಸೆತ್ ರೇನರ್ ಅವರು ಸಮತಟ್ಟಾದ ತಳ, ಹುಲ್ಲು ಹೊದಿಸಿದ ಕಡಿದಾದ ಗೋಡೆ, ನೇರ ಗೆರೆಗಳನ್ನು ಬಯಸಿದರು. ಇಂದು ಕಣ್ಣಿಗೆ ಹಿತವೆನಿಸುವ ಒರಟು ಅಂಚನ್ನು ಎಲ್ಲ ಕೋರ್ಸ್‌ಗಳಿಗೂ ಹಚ್ಚುವ ಪರಿಪಾಠ ಕಂಡಾಗ ನನಗೆ ನೋವಾಗುತ್ತದೆ. ಅದು ಒಬ್ಬ ವಿನ್ಯಾಸಕರ ಸಹಿಯನ್ನು ಇನ್ನೊಬ್ಬರ ಪತ್ರದ ಕೆಳಗೆ ಹಾಕಿದಂತೆಯೇ ಸರಿ.

ಇನ್ನು ನೀರಿನ ವಿಷಯ. ಬಂಕರ್‌ಗೆ ಬೀಳುವ ಮಳೆಗಿಂತ ಹೊರಗಿನಿಂದ ಹರಿದು ಬರುವ ನೀರೇ ಹೆಚ್ಚು ಹಾನಿ ಮಾಡುತ್ತದೆ. ಮೇಲ್ಭಾಗದ ನೆಲವನ್ನು ತುಸು ತಿದ್ದಿ ಆ ನೀರನ್ನು ಪಕ್ಕಕ್ಕೆ ತಿರುಗಿಸುವುದು ಮೊದಲ ಕೆಲಸ. ಇದನ್ನು ಬಿಟ್ಟು ಎಷ್ಟು ಬೆಲೆಯ ಒಳಪದರ ಹಾಕಿದರೂ ಪೂರ್ಣ ಫಲ ಸಿಗದು. ಬಳಿಕ ಹಳೆಯ ಮರಳನ್ನೆಲ್ಲ ತೆಗೆದು, ತಳದಲ್ಲಿ ಜಲ್ಲಿ ತುಂಬಿದ ಕಾಲುವೆಗಳಲ್ಲಿ ರಂಧ್ರವಿರುವ ಕೊಳವೆ ಹಾಕಿ, ಅದಕ್ಕೆ ಖಚಿತವಾದ ಹೊರದಾರಿ ಇದೆಯೇ ಎಂದು ನೀರು ಬಿಟ್ಟು ಪರೀಕ್ಷಿಸಬೇಕು. ಮಣ್ಣು, ಕಲ್ಲು ಮರಳಿಗೆ ಬೆರೆಯದಂತೆ ತಡೆಯಲು ಈಗ ಮುಖ್ಯವಾಗಿ ಮೂರು ಬಗೆಯ ಒಳಪದರಗಳಿವೆ. ಬಟ್ಟೆಯಂಥ ಹಾಸು ಅಗ್ಗ, ಆದರೆ ಕುಂಟೆ ಎಳೆಯುವ ಯಂತ್ರಕ್ಕೆ ಸಿಕ್ಕಿ ಹರಿಯುತ್ತದೆ. ಎರಡು ಅಂಗುಲ ಜಲ್ಲಿಯ ಮೇಲೆ ಅಂಟು ಪಾಲಿಮರ್ ಸಿಂಪಡಿಸಿ ಗಟ್ಟಿ ಮಾಡುವ ವಿಧಾನವೂ, ನೀರು ಸೋಸುವ ಕಾಂಕ್ರೀಟ್ ಪದರವೂ ಹೆಚ್ಚು ಕಾಲ ಬಾಳುತ್ತವೆ. ಮರಳಿನ ದಪ್ಪ ತಳದಲ್ಲಿ ನಾಲ್ಕರಿಂದ ಆರು ಅಂಗುಲ, ಗೋಡೆಯ ಮೇಲೆ ಎರಡು ಮೂರು ಅಂಗುಲ ಸಾಕು. ಕಣಗಳು ಗುಂಡಗಿದ್ದರೆ ಗೋಡೆಯಿಂದ ಜಾರುತ್ತವೆ, ಚೆಂಡೂ ಒಳಗೆ ಹುದುಗುತ್ತದೆ. ಕೋನಗಳಿರುವ ಕಣಗಳ ಮರಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಕೊಳ್ಳಿ.

ಪ್ರಶ್ನೆ: ಹಳೆಯ ಮಣ್ಣಿನ ಗ್ರೀನ್‌ಗಳನ್ನೆಲ್ಲ ಅಗೆದು ಯುಎಸ್‌ಜಿಎ ಮಾದರಿಯಲ್ಲಿ ಕಟ್ಟುವುದು ಅನಿವಾರ್ಯವೇ?

ಉತ್ತರ: ಅನಿವಾರ್ಯವಲ್ಲ. 1960ರಲ್ಲಿ ಮೊದಲು ಪ್ರಕಟವಾದ ಆ ಮಾದರಿಯಲ್ಲಿ ನಾಲ್ಕು ಅಂಗುಲ ಜಲ್ಲಿಯ ಮೇಲೆ ಹನ್ನೆರಡು ಅಂಗುಲದ ಮರಳು ಪ್ರಧಾನವಾದ ಬೇರುಪದರವಿರುತ್ತದೆ. ಬೇರಿಗೆ ಬೇಕಾದಷ್ಟು ತೇವವನ್ನು ಹಿಡಿದಿಟ್ಟು ಹೆಚ್ಚಿನದನ್ನು ಕೆಳಗೆ ಬಿಡುವುದು ಅದರ ಗುಣ. ನೀರು ಇಂಗದೆ ಹುಲ್ಲು ಸಾಯುತ್ತಿದ್ದರೆ ಅದು ಒಳ್ಳೆಯ ಪರಿಹಾರವೇ. ಆದರೆ ಸುತ್ತಲಿನ ಮಣ್ಣನ್ನೇ ಒಟ್ಟಿ ಕಟ್ಟಿದ ಹಳೆಯ ಗ್ರೀನ್‌ಗಳಲ್ಲಿ ಮೇಲ್ಮೈ ನೀರು ಇಳಿಜಾರಿನಲ್ಲೇ ಹರಿದುಹೋಗುವಂತೆ ಏರ್ಪಾಡಿರುತ್ತದೆ, ಮೇಲೆ ಹಲವು ಅಂಗುಲ ಮರಳೂ ಸೇರಿರುತ್ತದೆ. ಹುಲ್ಲುಹಾಸನ್ನು ಎತ್ತಿ, ಕಿರಿದಾದ ಕಾಲುವೆಗಳಲ್ಲಿ ಕೊಳವೆ ಹಾಕಿ, ಹಾಸನ್ನು ಮತ್ತೆ ಹೊದಿಸುವ ಕ್ರಮದಿಂದಲೇ ಅನೇಕ ಕಡೆ ತೊಂದರೆ ನಿವಾರಣೆಯಾಗಿದೆ. ಅಗೆಯಲೇಬೇಕಾದರೆ ವಿಂಗ್ಡ್ ಫುಟ್‌ನ ದಾರಿ ಹಿಡಿಯಿರಿ. ಅಲ್ಲಿನ ಪಶ್ಚಿಮ ಕೋರ್ಸ್‌ನಲ್ಲಿ 2020ರ ಯುಎಸ್ ಓಪನ್‌ಗೆ ಮುಂಚೆ ಗಿಲ್ ಹ್ಯಾನ್ಸ್ ಅವರ ತಂಡ ಗ್ರೀನ್‌ಗಳ ಮೇಲ್ಮೈಯನ್ನು ಮೊದಲು ಡಿಜಿಟಲ್ ಆಗಿ ದಾಖಲಿಸಿ, ಒಳಗನ್ನು ಹೊಸದಾಗಿ ಕಟ್ಟಿ, ಮೇಲ್ಮೈಯನ್ನು ಆ ದಾಖಲೆಯಂತೆ ಮರಳಿ ರೂಪಿಸಿತು.

ಪ್ರಶ್ನೆ: ಮರಗಳನ್ನು ಕಡಿಯದೆ ಈ ಕೆಲಸ ಸಾಧ್ಯವಿಲ್ಲವೇ?

ಉತ್ತರ: ಗ್ರೀನ್‌ಗೆ ಬೆಳಗಿನ ಬಿಸಿಲು ಮತ್ತು ಗಾಳಿ ತಡೆಯುವ ಮರಗಳನ್ನು ಉಳಿಸಿಕೊಂಡು ಹೊಸ ಹುಲ್ಲು ಬೆಳೆಸುವುದು ವ್ಯರ್ಥ ಶ್ರಮ. ಹೆನ್ರಿ ಫೌನ್ಸ್ 1903ರಲ್ಲಿ ಬಯಲಾಗಿಯೇ ರೂಪಿಸಿದ ಓಕ್‌ಮಾಂಟ್‌ನಲ್ಲಿ ನಂತರ ನೆಟ್ಟ ಸಾವಿರಾರು ಮರಗಳನ್ನು 1990ರ ದಶಕದಿಂದ ತೆಗೆಯಲಾಯಿತು. ಸದಸ್ಯರ ವಿರೋಧಕ್ಕೆ ಅಂಜಿ ಆರಂಭದಲ್ಲಿ ಬೆಳಕು ಹರಿಯುವ ಮುನ್ನವೇ ಕಡಿಯುತ್ತಿದ್ದರು. ಆ ಗುಟ್ಟಿನ ವಿಧಾನವನ್ನು ನಾನು ಸೂಚಿಸಲಾರೆ. ಯಾವ ಮರ ಯಾವ ಗ್ರೀನ್‌ನ ಮೇಲೆ ಎಷ್ಟು ಗಂಟೆ ನೆರಳು ಚೆಲ್ಲುತ್ತದೆ ಎಂಬ ಅಳತೆಯನ್ನು ಎಲ್ಲರ ಮುಂದಿಟ್ಟು, ಕೋರ್ಸ್‌ಗಿಂತ ಹಳೆಯ ಮರಗಳನ್ನು ಸಾಧ್ಯವಾದಷ್ಟೂ ಕಾಪಾಡಿ, ಉಳಿದುದನ್ನು ಚರ್ಚಿಸಿ ನಿರ್ಧರಿಸಿ. ತೆಗೆಯಬೇಕಾದವನ್ನು ಹುಲ್ಲು ಹೊದಿಸುವ ಮೊದಲೇ ತೆಗೆಯಬೇಕು, ಬೊಡ್ಡೆ ಬೇರುಗಳ ಸಮೇತ.

ಪ್ರಶ್ನೆ: ಕೆಲಸ ಮುಗಿದ ಎಷ್ಟು ದಿನಕ್ಕೆ ಆಟ ಆರಂಭಿಸಬಹುದು? ಸದಸ್ಯರ ಒತ್ತಡ ಈಗಲೇ ಹೆಚ್ಚಾಗಿದೆ.

ಉತ್ತರ: ಬಂಕರ್‌ಗಳನ್ನು ಮರಳು ಕುಳಿತ ಕೆಲವು ವಾರಗಳಲ್ಲಿ ಬಳಸಬಹುದು, ಅಂಚಿನ ಹುಲ್ಲುಹಾಸು ಬೇರು ಬಿಟ್ಟಿದೆಯೇ ಎಂದು ಕೈಯಿಂದ ಎತ್ತಿ ನೋಡಿದರೆ ತಿಳಿಯುತ್ತದೆ. ಬೀಜ ಬಿತ್ತಿದ ಬೆಂಟ್ ಹುಲ್ಲಿನ ಗ್ರೀನ್‌ಗೆ ಒಳ್ಳೆಯ ಬೆಳವಣಿಗೆಯ ಹವೆಯಲ್ಲೂ ಮೂರು ನಾಲ್ಕು ತಿಂಗಳು ಬೇಕು. ತಂಪು ಪ್ರದೇಶಗಳಲ್ಲಿ ಬೇಸಿಗೆಯ ಕೊನೆಗೆ ಬಿತ್ತಿ ಮರುವರ್ಷದ ವಸಂತದವರೆಗೆ ಕಾಯುವುದು ವಾಡಿಕೆ. ಕ್ಯಾಲೆಂಡರನ್ನು ನೋಡಿ ದಿನಾಂಕ ಘೋಷಿಸಬೇಡಿ. ಬೇರಿನ ಉದ್ದ, ಹುಲ್ಲಿನ ದಟ್ಟಣೆ, ಮೇಲ್ಮೈಯ ಗಟ್ಟಿತನ ಇವುಗಳನ್ನು ನೋಡಿ ಸೂಪರಿಂಟೆಂಡೆಂಟರು ಹೇಳಿದ ದಿನವೇ ಅಂತಿಮವೆಂದು ಸಮಿತಿ ಮೊದಲೇ ಬರವಣಿಗೆಯಲ್ಲಿ ಒಪ್ಪಿಕೊಳ್ಳಲಿ. ತೆರೆದ ಮೇಲೂ ಮೊದಲ ಋತುವಿನಲ್ಲಿ ಹುಲ್ಲನ್ನು ತುಸು ಎತ್ತರಕ್ಕೇ ಕತ್ತರಿಸಿ, ದಿನಕ್ಕೆ ಆಡುವವರ ಸಂಖ್ಯೆಯನ್ನು ಮಿತಗೊಳಿಸಿ, ಕುಳಿಯನ್ನು ಪ್ರತಿದಿನ ಬದಲಿಸಿ. ಹೊಸದಾಗಿ ವಿಸ್ತರಿಸಿದ ಮೂಲೆಗಳಲ್ಲಿ ಆ ಋತು ಕಳೆಯುವವರೆಗೆ ಕುಳಿ ತೋಡಬೇಡಿ. ಅಲ್ಲಿನ ಹಾಸು ಹಳೆಯ ಗ್ರೀನ್‌ನೊಂದಿಗೆ ಬೆಸೆದುಕೊಳ್ಳಲು ಹೆಚ್ಚು ಕಾಲ ಹಿಡಿಯುತ್ತದೆ.